ಫೈಟರ್ ಪೈಲಟ್ ಆಗಬೇಕಾ? ಮೊದಲು ಕಣ್ಣು ತೋರಿಸಿಕೊಳ್ಳಿ

"ಕಲಬುರಗಿಯವಳು, ಈಗಷ್ಟೇ ಎಸ್‌ಎಸ್‌ಎಲ್‌ಸಿ ಮುಗೀತು. ಫೈಟರ್ ಪೈಲಟ್ ಆಗೋ ಆಸೆ. ಮನೆಯಲ್ಲಿ ನೀಟ್ ಬರಿ ಅಂತಾರೆ, ಏನು ಮಾಡಲಿ?" ಅಂತ ಕೇಳಿದ್ದೀರಿ.

ಪಿಸಿಎಂಬಿ ತಗೊಳ್ಳಿ. ಬಯಾಲಜಿ ಇದ್ದರೆ ಮನೆಯವರಿಗೂ ಸಮಾಧಾನ. ಆದರೆ ಗಣಿತ ಮಾತ್ರ ಬಿಡಬೇಡಿ. ಪಿಯುಸಿ ಆದಮೇಲೆ ಸೇರುವ ಸೇನಾ ಅಧಿಕಾರಿಗಳ ತರಬೇತಿ ಸಂಸ್ಥೆ ಎನ್‌ಡಿಎಗೂ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಅದು ಬೇಕು, ಡಿಗ್ರಿ ಆದಮೇಲೆ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆದು ಪೈಲಟ್ ಆಗ್ತೀನಿ ಅಂದರೂ ಪಿಯುಸಿಯ ಗಣಿತ, ಫಿಸಿಕ್ಸ್ ಅಂಕ ಕೇಳುತ್ತಾರೆ.

ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಾನು ಬೀದರ್‌ನಲ್ಲಿ ಪಿಯು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಇಲ್ಲಿನ ವಾಯುಪಡೆ ನೆಲೆಯ ಹಾಕ್ ತರಬೇತಿ ವಿಮಾನ ತಲೆ ಮೇಲೆ ಹಾದು ಹೋಗುವಾಗ ಪಾಠ ನಿಲ್ಲಿಸಲೇಬೇಕು, ಮಕ್ಕಳೆಲ್ಲ ಕಿಟಕಿ ಕಡೆ ತಿರುಗಿಬಿಡುತ್ತಾರೆ. ಅವರಲ್ಲೊಬ್ಬ ಹುಡುಗ ಬಹಳ ಚುರುಕು. ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾದ, ಐದು ದಿನದ ಸಂದರ್ಶನವನ್ನೂ ಗೆದ್ದ. ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕೆಗಳಿರುವ ಪುಸ್ತಕ ಮುಂದೆ ಹಿಡಿದರು. ಚುಕ್ಕೆಗಳ ನಡುವೆ ಅಡಗಿದ್ದ ಅಂಕಿ ಅವನಿಗೆ ಕಾಣಲೇ ಇಲ್ಲ. ತನಗೆ ಬಣ್ಣಗುರುಡು ಇದೆ ಅಂತ ಅಲ್ಲಿಯವರೆಗೂ ಗೊತ್ತಿರಲಿಲ್ಲ. ನಮ್ಮೂರಲ್ಲೇ ಐದು ನಿಮಿಷದಲ್ಲಿ ತಿಳಿಯುವ ವಿಷಯ ಅದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ದೂರದ್ದು ಮಸುಕಾಗಿ ಕಂಡು ಕನ್ನಡಕ ಹಾಕುವವರಿಗೂ ಎನ್‌ಡಿಎಯಿಂದ ಪೈಲಟ್ ದಾರಿ ಮುಚ್ಚಿದ ಹಾಗೇ.

ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಕಾಲಿನ ಉದ್ದವನ್ನೂ ನೋಡುತ್ತಾರೆ. ಗೋಡೆಗೆ ಬೆನ್ನು ಒತ್ತಿ ನೆಲದ ಮೇಲೆ ಕೂತು, ಕಾಲು ಚಾಚಿ, ಗೋಡೆಯಿಂದ ಹಿಮ್ಮಡಿವರೆಗೆ ಟೇಪ್ ಹಿಡಿಸಿ. 99ರಿಂದ 120 ಸೆಂ.ಮೀ. ಒಳಗೆ ಬರಬೇಕು. ಕಾಕ್‌ಪಿಟ್‌ನಲ್ಲಿ ಪೆಡಲ್ ಎಟುಕಬೇಕಲ್ವಾ?

ಇನ್ನೊಂದು ಮಾತು. ಸಂದರ್ಶನದ ಜೊತೆಗೆ ಸಿಪಿಎಸ್‌ಎಸ್ ಅಂತ ಕಂಪ್ಯೂಟರ್ ಮೇಲೆ ಪೈಲಟ್ ಪರೀಕ್ಷೆ ಇರುತ್ತದೆ. ಕಣ್ಣು, ಕೈ, ಮನಸ್ಸು ಒಟ್ಟಿಗೆ ಎಷ್ಟು ಚುರುಕಾಗಿ ಓಡುತ್ತವೆ ಅಂತ ನೋಡುತ್ತಾರೆ. ಜೀವನದಲ್ಲಿ ಒಂದೇ ಸಲ ಅವಕಾಶ. ಸುಮ್ನೆ ನೋಡೋಣ ಅಂತ ತಯಾರಿ ಇಲ್ಲದೆ ಹೋಗಬೇಡಿ.

ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮೀಡಿಯಂ ಮಕ್ಕಳು ಗಣಿತಕ್ಕಿಂತ ಜಾಸ್ತಿ ಇಲ್ಲೇ ಎಡವುತ್ತಾರೆ. ಪಿಯು ಮೊದಲ ದಿನದಿಂದಲೇ ಇಂಗ್ಲಿಷ್‌ನಲ್ಲಿ ಮಾತಾಡಲು ಶುರು ಮಾಡಿ, ತಪ್ಪಾದರೂ ಪರವಾಗಿಲ್ಲ.

ಮನೆಯವರು "ಹುಡುಗಿಗೆ ಯಾಕೆ ಇದೆಲ್ಲ" ಅಂದರೆ ಹೀಗೆ ಹೇಳಿ: 2016ರಲ್ಲಿ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಹಾರಿಸಲು ಕಲಿತದ್ದು ನಮ್ಮ ಪಕ್ಕದ ಬೀದರ್‌ನಲ್ಲೇ. 2022ರಿಂದ ಎನ್‌ಡಿಎಯಲ್ಲೂ ಹುಡುಗಿಯರು ಓದುತ್ತಿದ್ದಾರೆ.