ಸೆಟ್ಟಿಂಗ್ಸ್ ತೆರೆಯದಿದ್ದರೆ ಫಾರ್ಮ್ಯಾಟ್ ಒಂದೇ ದಾರಿಯೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಅನ್ನು ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಸೆಟ್ಟಿಂಗ್ಸ್ ತೆರೆದರೆ ಹಲ್ಲುಚಕ್ರದ ಚಿತ್ರ ಬಂದು ಅಲ್ಲೇ ನಿಲ್ಲುತ್ತದೆ. ಅಪರೂಪಕ್ಕೆ ತೆರೆದರೂ ಕೆಲವು ಆಯ್ಕೆಗಳು ಮಸುಕಾಗಿದ್ದು, ಅವನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸೂಚನೆ ಕಾಣುತ್ತದೆ. ಲ್ಯಾಪ್‌ಟಾಪ್ ನನ್ನ ಸ್ವಂತದ್ದು. ರಿಪೇರಿಯವರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ. ಬೇರೆ ದಾರಿ ಇಲ್ಲವೇ?

ಉತ್ತರ: ಇದೆ. ಫಾರ್ಮ್ಯಾಟ್ ಎಂಬ ಮಾತು ಕೆಲವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅವರ ಶ್ರಮ ಉಳಿಯುತ್ತದೆ, ನಿಮ್ಮ ಫೋಟೋಗಳು ಹೋಗುತ್ತವೆ. ನಿಮ್ಮ ಪತ್ರದಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆಗಳು. ಒಂದು ಕೆಟ್ಟಿರುವುದು, ಇನ್ನೊಂದು ಬೀಗ ಬಿದ್ದಿರುವುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು, ಮರುದಿನ ಅದನ್ನೇ ಎಬ್ಬಿಸಲಾಗುತ್ತದೆ. ಎಲ್ಲವೂ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ.

ಸೆಟ್ಟಿಂಗ್ಸ್ ಆ್ಯಪ್‌ಗೆ ರಿಪೇರ್, ರೀಸೆಟ್ ಎಂಬ ಗುಂಡಿಗಳಿವೆ. ಆದರೆ ಅವು ಇರುವುದು ಸೆಟ್ಟಿಂಗ್ಸ್ ಒಳಗೇ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಅದು ತೆರೆದುಕೊಂಡ ಗಳಿಗೆ ಸಿಕ್ಕರೆ ಒತ್ತಿನೋಡಿ; ಇಲ್ಲವಾದರೆ ಹೊರಗಿನಿಂದಲೇ ಕೆಲಸವಾಗಬೇಕು.

ಸರ್ಚ್‌ನಲ್ಲಿ ಸಿಎಂಡಿ ಎಂದು ಹುಡುಕಿ, ಕಾಣಿಸಿದ ಕಮಾಂಡ್ ಪ್ರಾಂಪ್ಟ್ ಮೇಲೆ ಬಲ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಂಟರ್ನೆಟ್ ಸಂಪರ್ಕ ಇರಲಿ. ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪಿಸಿ: ಡಿಐಎಸ್‌ಎಂ, ಸ್ಲ್ಯಾಶ್ ಆನ್‌ಲೈನ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಸ್ಲ್ಯಾಶ್ ಎಂದರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆ. ಪ್ರತಿ ಸ್ಲ್ಯಾಶ್‌ಗೆ ಮುನ್ನ ಒಂದು ಜಾಗ ಬಿಡಿ, ಬೇರೆಲ್ಲೂ ಬಿಡಬೇಡಿ, ಅಲ್ಪವಿರಾಮ ಬೇಡ. ಶೇಕಡಾವಾರು ಅಂಕಿ ನಡುವೆಲ್ಲೋ ಬಹಳ ಹೊತ್ತು ಅಲುಗದೆ ನಿಲ್ಲಬಹುದು. ಗಾಬರಿಯಿಂದ ಕಿಟಕಿ ಮುಚ್ಚಬೇಡಿ. ಮುಗಿದ ಬಳಿಕ ಎಸ್‌ಎಫ್‌ಸಿ, ಒಂದು ಜಾಗ, ಸ್ಲ್ಯಾಶ್ ಸ್ಕ್ಯಾನ್‌ನೌ. ಮೊದಲನೆಯದು ಮೂಲ ಕಡತಗಳ ದಾಸ್ತಾನನ್ನು ಸರಿಪಡಿಸುತ್ತದೆ, ಎರಡನೆಯದು ಆ ದಾಸ್ತಾನಿನಿಂದ ಕೆಟ್ಟ ಕಡತಗಳನ್ನು ಬದಲಿಸುತ್ತದೆ. ಆದ್ದರಿಂದಲೇ ಈ ಕ್ರಮ.

ಇದಕ್ಕೂ ಬಗ್ಗದಿದ್ದರೆ ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ನೆಟ್‌ಪಿಎಲ್‌ವಿಜ್ (netplwiz) ಎಂದು ಕೊಟ್ಟು ಹೊಸ ಬಳಕೆದಾರರ ಖಾತೆ ಸೇರಿಸಿ. ಅದರಲ್ಲಿ ಸೆಟ್ಟಿಂಗ್ಸ್ ಸಲೀಸಾಗಿ ತೆರೆದರೆ ಕೆಟ್ಟಿರುವುದು ನಿಮ್ಮ ಹಳೆಯ ಖಾತೆ, ವಿಂಡೋಸ್ ಅಲ್ಲ. ಅಲ್ಲಿಯೂ ತೆರೆಯದಿದ್ದರೆ, ಕಡತಗಳ ಪ್ರತಿಯನ್ನು ಬೇರೆ ಡ್ರೈವ್‌ಗೆ ಹಾಕಿಕೊಂಡು, ವಿಂಡೋಸ್ 11ರ ಐಎಸ್‌ಒ, ಅಂದರೆ ಇಡೀ ವಿಂಡೋಸ್ ಅಳವಡಿಸುವ ಸರಕಿರುವ ಕಡತ, ಇಳಿಸಿಕೊಂಡು, ಅದರೊಳಗಿನ ಸೆಟಪ್ ಅನ್ನು ಈಗಿನ ವಿಂಡೋಸ್‌ನಿಂದಲೇ ನಡೆಸಿ. ಕಡತ ಮತ್ತು ಆ್ಯಪ್‌ಗಳನ್ನು ಉಳಿಸುವ ಆಯ್ಕೆ ಗುರುತಾಗಿದೆಯೇ ಎಂದು ಎರಡು ಬಾರಿ ನೋಡಿ. ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದನ್ನು ನಾನು ಸೂಚಿಸುವುದಿಲ್ಲ.

ಇನ್ನು ಮಸುಕಾದ ಆಯ್ಕೆಗಳು. ‘ಸಂಸ್ಥೆ’ ಎಂದೊಡನೆ ಯಾರೋ ಕನ್ನ ಹಾಕಿದ್ದಾರೆಂದು ಹೆದರಬೇಕಿಲ್ಲ. ಎಂದೋ ಸೇರಿಸಿದ ಕಚೇರಿ ಅಥವಾ ಕಾಲೇಜಿನ ಖಾತೆ ಇನ್ನೂ ಅಂಟಿಕೊಂಡಿರಬಹುದು. ಇಲ್ಲವೇ ಜಾಹೀರಾತು, ಬೇಹುಗಾರಿಕೆ ತಡೆಯುತ್ತೇನೆಂದು ಹಾಕಿಕೊಂಡ ಯಾವುದೋ ಪುಟ್ಟ ತಂತ್ರಾಂಶ, ವಿಂಡೋಸ್ ತನ್ನ ಹೊಂದಾಣಿಕೆಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ ನಿಯಮಗಳನ್ನು ಬರೆದಿರುತ್ತದೆ. ಅಪ್‌ಗ್ರೇಡ್ ಅವನ್ನೂ ಹೊತ್ತು ತಂದಿರಬಹುದು. ಆ ಖಾತೆಯ ನಂಟು ಕಳಚಿ. ತಂತ್ರಾಂಶವಾಗಿದ್ದರೆ ಅದರಲ್ಲೇ ಬದಲಾವಣೆಗಳನ್ನು ಹಿಂದಕ್ಕೆ ಪಡೆದು ಆಮೇಲೆ ತೆಗೆಯಿರಿ. ಸುಮ್ಮನೆ ಅಳಿಸಿದರೆ ನಿಯಮಗಳು ಹಾಗೆಯೇ ಉಳಿಯಬಹುದು. ರಿಜಿಸ್ಟ್ರಿಗೆ ನೇರವಾಗಿ ಕೈ ಹಾಕುವುದನ್ನು ಬಲ್ಲವರಿಗೆ ಬಿಡಿ, ಅವರೂ ಮೊದಲು ಅದರ ಪ್ರತಿ ತೆಗೆದಿಟ್ಟುಕೊಳ್ಳಲಿ.