ದೇವರಾಜ ಅರಸು ಬಗ್ಗೆ ನೀವು ಕಳಿಸಿದ ಲೇಖನ: ಸಂಪಾದಕರ ಉತ್ತರ

ನಮಸ್ಕಾರ.

ದೇವರಾಜ ಅರಸು ಅವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಮಾತು ಸುತ್ತಿಸದೆ ಮೊದಲೇ ಹೇಳಿಬಿಡುತ್ತಿದ್ದೇನೆ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ನೀವು ಒಂಬತ್ತನೇ ಪುಟದಲ್ಲಿ ಆರೇ ಸಾಲಿಗೆ ಮುಗಿಸಿಬಿಟ್ಟಿದ್ದೀರಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

'ಧೀಮಂತ ನಾಯಕ', 'ಹಿಂದುಳಿದವರ ಆಶಾಕಿರಣ', 'ಮೌನ ಕ್ರಾಂತಿಯ ಹರಿಕಾರ' ಇಂಥ ಮಾತುಗಳನ್ನೆಲ್ಲ ತೆಗೆಯಿರಿ. ಪ್ರತಿ ವರ್ಷ ಆಗಸ್ಟ್ 20ಕ್ಕೆ, ಅವರ ಹುಟ್ಟುಹಬ್ಬದ ದಿನ, ಈ ಮಾತುಗಳು ಜಾಹೀರಾತಿನಲ್ಲಿ ಬರುತ್ತವೆ. ಅರಸು ಹೆಸರು ತೆಗೆದು ಬೇರೆ ಯಾರ ಹೆಸರು ಇಟ್ಟರೂ ಸಾಲು ಹಾಗೇ ನಿಲ್ಲುತ್ತದೆ ಅಂದರೆ ಆ ಸಾಲು ಅರಸು ಬಗ್ಗೆ ಏನನ್ನೂ ಹೇಳಿಲ್ಲ ಅಂತಲೇ ಅರ್ಥ.

ಮೊದಲ ನಾಲ್ಕು ಪುಟ ಬರೀ ಇಸವಿಗಳು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆ, ಆಮೇಲೆ ನಿಜಲಿಂಗಪ್ಪನವರ ಸಂಪುಟ, 1972ರ ಮಾರ್ಚ್ 20ಕ್ಕೆ ಮುಖ್ಯಮಂತ್ರಿ. ಎಲ್ಲ ಸರಿ ಇದೆ. ಆದರೆ ಓದುವವರಿಗೆ ಏಳುವ ಪ್ರಶ್ನೆಯನ್ನೇ ನೀವು ಕೇಳಿಲ್ಲ. ಮೂವತ್ತು ವರ್ಷ ಈ ಮನುಷ್ಯ ಎರಡನೇ ಸಾಲಿನಲ್ಲೇ ಏಕೆ ಕೂತಿದ್ದರು? 1956ರಲ್ಲಿ ರಾಜ್ಯ ಒಂದಾದ ಮೇಲೆ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ್ ಮುಖ್ಯಮಂತ್ರಿಗಳಾದರು. ಎಲ್ಲರೂ ಲಿಂಗಾಯತರು. ಅದಕ್ಕೂ ಮೊದಲು ಹಳೇ ಮೈಸೂರಿನಲ್ಲಿ ಒಕ್ಕಲಿಗರ ಕೈ ಮೇಲಿತ್ತು. ಅರಸು ಜನಾಂಗದವರು ಎಣಿಕೆಗೆ ಸಿಗದಷ್ಟು ಕಡಿಮೆ. ಹೆಸರಿನಲ್ಲಿ ಅರಮನೆಯ ನೆನಪಿದ್ದರೂ ಬೆನ್ನ ಹಿಂದೆ ಮತಗಳಿರಲಿಲ್ಲ. ಇದನ್ನು ಹೇಳದೆ 1969ರ ಕಾಂಗ್ರೆಸ್ ಒಡಕಿಗೆ ಹಾರಿದರೆ ಆಗುವುದಿಲ್ಲ. ರಾಜ್ಯದ ದೊಡ್ಡ ನಾಯಕರೆಲ್ಲ ನಿಜಲಿಂಗಪ್ಪನವರ ಜೊತೆ ಉಳಿದರು, ಅರಸು ಇಂದಿರಾ ಗಾಂಧಿ ಕಡೆ ಹೋದರು. ನೀವು ಅದನ್ನು 'ದೂರದೃಷ್ಟಿ' ಅಂದಿದ್ದೀರಿ. ಇರಬಹುದು. ಆದರೆ ನಿಜಲಿಂಗಪ್ಪನವರ ಕಡೆ ಅವರಿಗೆ ಮೇಲೇರಲು ಮೆಟ್ಟಿಲೇ ಇರಲಿಲ್ಲ ಅನ್ನುವುದೂ ನಿಜ ಅಲ್ವಾ? ಎರಡನ್ನೂ ಬರೆಯಿರಿ. ಅದರಿಂದ ಅವರು ಸಣ್ಣವರಾಗುವುದಿಲ್ಲ.

1972ರ ಚುನಾವಣೆಯಲ್ಲಿ ಕಾಂಗ್ರೆಸ್ 216ರಲ್ಲಿ 165 ಸೀಟು ಗೆದ್ದಿತು ಅಂತ ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಆ ಟಿಕೆಟ್‌ಗಳು ಯಾರಿಗೆ ಸಿಕ್ಕವು? ಅಲ್ಲಿಯವರೆಗೆ ತಾಲ್ಲೂಕು ಬೋರ್ಡಿನ ಬಾಗಿಲಿಗೂ ಸೇರಿಸದಿದ್ದ ಸಣ್ಣ ಸಣ್ಣ ಜಾತಿಗಳ ಹುಡುಗರು ವಿಧಾನಸೌಧದ ಮೆಟ್ಟಿಲು ಹತ್ತಿದ್ದು ಆ ಸಲ. ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ ಮೊದಲ ಸಲ ಗೆದ್ದು ಬಂದದ್ದೂ ಆಗಲೇ. ಹಿಂದುಳಿದ ವರ್ಗಗಳಿಗಾಗಿ ನೇಮಿಸಿದ್ದ ಹಾವನೂರು ಆಯೋಗದ ವರದಿ ಬಂದದ್ದು 1975ರಲ್ಲಿ. ಅದಕ್ಕೂ ಮೊದಲೇ ಅರಸು ಟಿಕೆಟ್ ಪಟ್ಟಿಯಲ್ಲಿ ಆ ಕೆಲಸ ಶುರು ಮಾಡಿದ್ದರು.

ಈಗ ಒಂಬತ್ತನೇ ಪುಟ. ಪುತ್ತೂರು ಕಡೆಯ ನಿಮ್ಮ ಅಜ್ಜ 'ಡಿಕ್ಲರೇಶನ್' (ತಾನು ಉಳುವ ಗೇಣಿ ಜಮೀನು ತನಗೆ ಬೇಕೆಂಬ ಅರ್ಜಿ) ಕೊಟ್ಟದ್ದು, ಹಿಂದಿನ ರಾತ್ರಿ ಅಜ್ಜಿ ಬೇಡ ಅಂತ ಅತ್ತದ್ದು, ಟ್ರಿಬ್ಯೂನಲ್‌ನಲ್ಲಿ, ಅಂದರೆ ಭೂನ್ಯಾಯಮಂಡಳಿಯಲ್ಲಿ, ಧಣಿಗಳ ಎದುರು ಕೂರಲು ಕುರ್ಚಿ ತೋರಿಸಿದರೂ ಅಜ್ಜ ನಿಂತೇ ಇದ್ದದ್ದು. ಇಲ್ಲಿ ಓದುತ್ತಾ ಕೈ ನಿಂತಿತು. ಇಂಥದ್ದು ಬರೆಯಬಲ್ಲವರು ಮುಂದಿನ ಸಾಲಿನಲ್ಲೇ 'ಹೀಗೆ ಅರಸು ಲಕ್ಷಾಂತರ ಬಡವರ ಬಾಳಿಗೆ ಬೆಳಕಾದರು' ಅಂತ ಬರೆದದ್ದು ನೋಡಿ ಬೇಜಾರಾಯಿತು.

ಆ ಕೋಣೆಯೊಳಗೆ ನಮ್ಮನ್ನು ಕರೆದುಕೊಂಡು ಹೋಗಿ. ಭೂನ್ಯಾಯಮಂಡಳಿ ಹೇಗೆ ನಡೆಯುತ್ತಿತ್ತು ಅಂತ ಇಂದಿನ ಓದುಗರಿಗೆ ಗೊತ್ತಿಲ್ಲ. 1974ರ ಮಾರ್ಚ್ 1ಕ್ಕೆ ಗೇಣಿ ಪದ್ಧತಿ, ಅಂದರೆ ಧಣಿಯ ಜಮೀನು ಉತ್ತು ಅವರಿಗೆ ಬಾಡಿಗೆ ಕೊಡುವ ಪದ್ಧತಿ, ರದ್ದಾಯಿತು. ಗೇಣಿ ಜಮೀನು ಸರಕಾರದ ವಶಕ್ಕೆ ಬಂತು. ಉಳುತ್ತಿದ್ದವರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಕೇಳುವವರು ಅಸಿಸ್ಟೆಂಟ್ ಕಮಿಷನರ್ ಮತ್ತು ಸರಕಾರ ನೇಮಿಸಿದ ನಾಲ್ಕು ಜನ. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರಿಗೆ ಒಳಗೆ ಜಾಗ ಇಲ್ಲ. ಮೇಲ್ಮನವಿಯೂ ಇಲ್ಲ, ಬೇಕಾದರೆ ಹೈಕೋರ್ಟಿಗೆ ರಿಟ್ ಹಾಕಬೇಕು.

ಇದು ಬರೀ ಕಾನೂನಿನ ವಿವರ ಅಂತ ಬಿಟ್ಟುಬಿಡಬೇಡಿ, ಅರಸು ರಾಜಕೀಯದ ಜೀವ ಇರುವುದೇ ಇಲ್ಲಿ. ಬಾಯಿಮಾತಿನ ಗೇಣಿಗೆ ರಸೀದಿ ಇರುವುದಿಲ್ಲ. ಪಹಣಿಯಲ್ಲಿ ಗೇಣಿದಾರರ ಹೆಸರು ಇರುವುದೂ ಕಷ್ಟ. ಅಂಥ ವ್ಯಾಜ್ಯದಲ್ಲಿ ವಕೀಲರು ನಿಂತರೆ ಗೆಲ್ಲುವವರು ಯಾರು ಅಂತ ಅರಸು ಅವರಿಗೆ ಗೊತ್ತಿತ್ತು. ನಾಲ್ಕು ಜನರನ್ನು ನೇಮಿಸುವ ಅಧಿಕಾರ ಸರಕಾರದ ಕೈಲಿಟ್ಟುಕೊಂಡದ್ದೂ ಲೆಕ್ಕಾಚಾರದಿಂದಲೇ. ಅದರಿಂದ ಗೇಣಿದಾರರಿಗೆ ಬಲ ಬಂತು, ಪಕ್ಷಕ್ಕೆ ಪ್ರತಿ ತಾಲ್ಲೂಕಿನಲ್ಲೂ ತನ್ನ ಜನ ಸಿಕ್ಕರು. ನಿಮ್ಮ ಅಜ್ಜನ ಅರ್ಜಿ ಕೇಳಿದ ಆ ನಾಲ್ವರು ಯಾರು? ಸಾಕ್ಷಿ ಹೇಳಿದ ನೆರೆಯವರು ಯಾರು? ಧಣಿಗಳ ಮನೆಗೆ ಗೇಣಿಯ ಅಕ್ಕಿ ಮುಡಿ ಹೊರುವುದು ಯಾವ ವರ್ಷ ನಿಂತಿತು? ಮನೆಯಲ್ಲಿ ಕೇಳಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಡತ ಇದೆಯಾ ನೋಡಿ.

ಕಾನೂನನ್ನು ಅರಸು ಕೊಟ್ಟ ವರ ಅನ್ನುವ ಹಾಗೆ ಬರೆದಿದ್ದೀರಿ. 1951ರಲ್ಲೇ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದರು. ಆ ಹೋರಾಟದ ಮುಂದಾಳು, ಸಮಾಜವಾದಿ ಶಾಂತವೇರಿ ಗೋಪಾಲಗೌಡರ ಹೆಸರು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. 1961ರ ಭೂಸುಧಾರಣಾ ಕಾಯ್ದೆಯೂ ಇತ್ತು, ಹಲ್ಲಿರಲಿಲ್ಲ ಅಷ್ಟೆ. ಇನ್ನೊಂದು ಮಾತು. ಗೇಣಿದಾರರಿಗೆ ಭೂಮಿ ಬಂತು. ಅದೇ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬರಲಿಲ್ಲ. ಅವರಲ್ಲಿ ಜಾಸ್ತಿ ಜನ ದಲಿತರು. ನಿಮ್ಮ ಅಜ್ಜನ ಗದ್ದೆಯಲ್ಲಿ ನಾಟಿಗೆ ಬರುತ್ತಿದ್ದವರ ಮನೆಗೂ ಒಮ್ಮೆ ಹೋಗಿ ಬನ್ನಿ.

ನೀವು ದಾಟಿಹೋದ ಕಡೆಗಳಿಗೂ ಬರಲೇಬೇಕು. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು ಅಂತ ಗಲಾಟೆ ಎದ್ದಾಗ ಅರಸು ಸಂಪುಟದ ದಲಿತ ಮಂತ್ರಿ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ ಅವರು. ತುರ್ತುಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡರು. ಆಗ ಮುಖ್ಯಮಂತ್ರಿ ಅರಸು. ಭ್ರಷ್ಟಾಚಾರದ ಆರೋಪಗಳ ಮೇಲೆ ಅದೇ ವರ್ಷ ಕೇಂದ್ರ ಸರಕಾರ ಗ್ರೋವರ್ ಆಯೋಗ ನೇಮಿಸಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಅರಸು ಅಂದರೆ ನಿಮಗೆ ಪ್ರೀತಿ, ನನಗೂ ಪ್ರೀತಿಯೇ. ಆದರೆ ಇವನ್ನು ಬಿಟ್ಟು ಬರೆದರೆ ಅವರನ್ನು ಒಪ್ಪದವರು ಮೂರನೇ ಪುಟಕ್ಕೇ ಲೇಖನ ಮುಚ್ಚಿಡುತ್ತಾರೆ, ಅಜ್ಜನ ಪುಟದವರೆಗೆ ಬರುವುದೇ ಇಲ್ಲ.

ಕೊನೆಯ ಭಾಗ ತುಂಬಾ ಅವಸರದಲ್ಲಿದೆ. 1979ರಲ್ಲಿ ಇಂದಿರಾ ಗಾಂಧಿ ಅರಸು ಅವರನ್ನು ಪಕ್ಷದಿಂದ ತೆಗೆದರು. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸೀಟು ಇಂದಿರಾ ಪಾಲಾಯಿತು. ಅರಸು ಟಿಕೆಟ್ ಕೊಟ್ಟು ಬೆಳೆಸಿದ ಶಾಸಕರೇ ಸಾಲಾಗಿ ಆಚೆ ಹೋದರು. ಗುಂಡೂರಾವ್ ಮುಖ್ಯಮಂತ್ರಿಯಾದರು. ಅರಸು ಕ್ರಾಂತಿರಂಗ ಅನ್ನುವ ಪಕ್ಷ ಕಟ್ಟಿದರು, 1982ರ ಜೂನ್ 6ಕ್ಕೆ ತೀರಿಕೊಂಡರು. ಏಳೇ ತಿಂಗಳಿಗೆ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂತು. ಇಷ್ಟನ್ನೂ ನೀವು 'ವಿಧಿಯಾಟ' ಅಂದುಬಿಟ್ಟಿದ್ದೀರಿ. ಭೂಮಿ ಪಡೆದವರೂ 1980ರಲ್ಲಿ ಅರಸು ಕೈ ಬಿಟ್ಟರಾ? ಅವರಿಗೆ ಭೂಮಿ ಕೊಟ್ಟದ್ದು ಅರಸು ಅನಿಸಿತ್ತಾ, ಇಂದಿರಮ್ಮ ಅನಿಸಿತ್ತಾ? ಇದಕ್ಕೆ ಉತ್ತರ ಪುಸ್ತಕದಲ್ಲಿ ಹುಡುಕುವುದಕ್ಕಿಂತ ನಿಮ್ಮ ಊರಲ್ಲಿ ಹುಡುಕುವುದು ಸುಲಭ.

ಅಜ್ಜಿ ಇನ್ನೂ ಇದ್ದಾರೆ ಅಂತ ಬರೆದಿದ್ದೀರಿ. ಆ ಸಲ ಮನೆಯವರೆಲ್ಲ ಯಾರಿಗೆ ವೋಟು ಹಾಕಿದರು ಅಂತ ಕೇಳಿ. ಅವರು ಏನೇ ಹೇಳಲಿ, ತಿದ್ದದೆ, ಅವರ ಮಾತಿನಲ್ಲೇ ಬರೆಯಿರಿ. ಲೇಖನ ಅಜ್ಜನ ಅರ್ಜಿಯಿಂದಲೇ ಶುರುವಾಗಲಿ, ಎರಡು ಸಾವಿರ ಪದ ದಾಟದಿರಲಿ. ಕಡತದ ನಕಲು ಸಿಕ್ಕರೆ ಅದರ ಫೋಟೋ ಜೊತೆಗೆ ಕಳಿಸಿ. ನಾನೇ ಓದುತ್ತೇನೆ.