ಅಂಡಾಶಯಕ್ಕೆ ‘ನರದ ಶಕ್ತಿ’ ಬೇಕಿಲ್ಲ ತಾಯಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ‘ನರ ದೌರ್ಬಲ್ಯ’ದವು. ಬಳ್ಳಾರಿಯ ನನ್ನ ಕ್ಲಿನಿಕ್ಕಿನಲ್ಲೂ ದಿನಾ ಇದೇ ಮಾತು. ಕೇಳಿ ಕೇಳಿ ಸಾಕಾಗಿದೆ. ಹಾಗಾಗಿ ಒಂದು ಪತ್ರಕ್ಕೆ ಪೂರ್ತಿ ಬಿಡಿಸಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಮಗಳಿಗೆ 19 ವರ್ಷ, ತೂಕ 70 ಕೆ.ಜಿ. ಎರಡು-ಮೂರು ತಿಂಗಳಿಗೊಮ್ಮೆ ಮುಟ್ಟು, ಗದ್ದದ ಮೇಲೆ ಕೂದಲು. ಸ್ಕ್ಯಾನ್ ಮಾಡಿ ಪಿಸಿಒಡಿ (ಹಾರ್ಮೋನ್ ಏರುಪೇರಾಗಿ ಅಂಡೋತ್ಪತ್ತಿ ತಪ್ಪುವ ತೊಂದರೆ) ಅಂದರು. ಊರಿಗೆ ಬಂದ ಒಬ್ಬರು, ಅಂಡಾಶಯದ ನರ ಸೋತಿದೆ ಎಂದು 90 ದಿನದ ಪುಡಿ ಕೊಟ್ಟಿದ್ದಾರೆ. ಕೊಡಬಹುದಾ? (ಸಿಂಧನೂರು)

ಉತ್ತರ: ಕೊಡಬೇಡಿ. ಹೋದ ವಾರ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ಅಂಥದ್ದೇ ಪುಡಿಯನ್ನು ನನ್ನ ಮೇಜಿನ ಮೇಲಿಟ್ಟರು. ಪೇಪರ್ ಪೊಟ್ಟಣ, ಕಂದು ಬಣ್ಣ. ಹೆಸರಿಲ್ಲ, ಏನು ಬೆರೆಸಿದ್ದಾರೆ ಅನ್ನೋದಿಲ್ಲ. ಇಂಥದರಲ್ಲಿ ಸ್ಟಿರಾಯ್ಡ್ ಸೇರಿಸೋದು ಹೊಸದೇನಲ್ಲ. ಅದು ತೂಕ, ಶುಗರ್ ಎರಡನ್ನೂ ಏರಿಸುತ್ತದೆ.

ಅಂಡಾಶಯಕ್ಕೆ ನರ ಇರೋದು ನಿಜ. ಎದೆಬಡಿತ, ಬೆವರು ನೋಡಿಕೊಳ್ಳುವ, ನಮ್ಮ ಅಂಕೆಗೆ ಸಿಗದ ಸ್ವನಿಯಂತ್ರಿತ ನರಗಳೇ ಅಲ್ಲಿಗೂ ಹೋಗುತ್ತವೆ. ಆದರೆ ‘ಹಾರ್ಮೋನ್ ಬಿಡು’ ಎಂಬ ಮುಖ್ಯ ಆದೇಶ ಬರೋದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ, ರಕ್ತದ ಮೂಲಕ. ತುಂಗಭದ್ರಾ ಎಡದಂಡೆ ಕಾಲುವೆ ನಿಮಗೆ ಗೊತ್ತಲ್ವಾ? ನೀರು ಬಿಡೋದು ಡ್ಯಾಮಿನಲ್ಲಿ. ನಿಮ್ಮ ಹೊಲಕ್ಕೆ ಎಷ್ಟು ಹರಿಯಬೇಕು ಅನ್ನೋದು ತೂಬಿನ ಕೈಲಿ. ನರದ್ದು ತೂಬಿನ ಕೆಲಸ. ಅಂಡಾಶಯದ ತುಣುಕನ್ನು ಹಳೆಯ ನರದಿಂದ ಬಿಡಿಸಿ ಮುಂಗೈ ಚರ್ಮದಡಿ ಕೂರಿಸಿದಾಗಲೂ ಅದು ಹಾರ್ಮೋನ್ ಬಿಟ್ಟಿದೆ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಪಿಸಿಒಡಿಯಲ್ಲಿ ನರ ಸೋತಿರೋದಿಲ್ಲ. 2008ರಲ್ಲಿ ಸ್ವೀಡನ್ನಿನಲ್ಲಿ ಇಂಥ ಹೆಣ್ಣುಮಕ್ಕಳ ಕಾಲಿನ ನರಕ್ಕೆ ಸಣ್ಣ ಸೂಜಿ ಇಟ್ಟು ಅಳೆದರು. ಸ್ವನಿಯಂತ್ರಿತ ನರಗಳಲ್ಲೇ ಮೈಯನ್ನು ಚುರುಕಾಗಿಸುವ ಸಿಂಪಥೆಟಿಕ್ ನರಗಳ ಮಿಡಿತ ಬೇರೆಯವರಿಗಿಂತ ಹೆಚ್ಚೇ ಇತ್ತು. ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಏರಿದ್ದವರಲ್ಲಿ ಇನ್ನೂ ಹೆಚ್ಚು. ಈ ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಒಸರುತ್ತದೆ. ಅದು ಪಿಟ್ಯುಟರಿಯ ಎಲ್‌ಎಚ್ ಎಂಬ ಹಾರ್ಮೋನ್ ಜೊತೆ ಸೇರಿ ಗಂಡು ಹಾರ್ಮೋನನ್ನು ಜಾಸ್ತಿ ಬಿಡಿಸೋದು ಇಲಿಗಳಲ್ಲಿ ಕಂಡಿದೆ. ಅಂಡಾಶಯಕ್ಕೆ ಹೋಗುವ ಆ ನರ ಕಡಿದಾಗ ಇಲಿಗಳಲ್ಲಿ ನಿಂತಿದ್ದ ಅಂಡೋತ್ಪತ್ತಿ ಮತ್ತೆ ಶುರುವಾಯಿತು. ಮಗಳ ನರ ಕಡಿಯೋ ಮಾತಲ್ಲ ಇದು, ಗಾಬರಿ ಬೇಡ. ಮೊದಲೇ ಅತಿಯಾಗಿ ಮಿಡಿಯೋ ನರಕ್ಕೆ ಮತ್ತೆ ‘ಶಕ್ತಿ’ ಯಾಕೆ ಅಂತ ಕೇಳುತ್ತಿದ್ದೇನೆ.

ಆ ಬಿರುಸು ಇಳಿಸೋದು ನಡಿಗೆ. ವಾರಕ್ಕೆ 150 ನಿಮಿಷ, ಬಿಸಿಲೇರೋ ಮುಂಚೆ, ಸರಸರ ನಡೆಯಲಿ. ಮೂರೂವರೆ ಕೆ.ಜಿ. ಇಳಿದರೂ ಎಷ್ಟೋ ಜನರಿಗೆ ಮುಟ್ಟು ಹಾದಿಗೆ ಬರುತ್ತದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಶುಗರ್ ನೋಡಿಸಿ. ಪುಡಿ ನೆಚ್ಚಿ ಸುಮ್ನೆ ಕೂರುವ ಆ 90 ದಿನವೇ ನನಗೆ ಭಯ. ಅಷ್ಟು ದಿನ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು. ಅದಕ್ಕೆ ಮುಂಚೆಯೇ ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ಗಂಡಸರ ಸಂತಾನಹರಣ ಆಪರೇಷನ್ನಿನಲ್ಲಿ ನರ ಕಡಿದು ಗಂಡಸುತನ ಹೋಗುತ್ತದಾ? (ಕೊಪ್ಪಳ)

ಉತ್ತರ: ಇಲ್ಲ. ಕಡಿಯೋದು ವೀರ್ಯಾಣು ಸಾಗುವ ನಾಳವನ್ನು. ಟೆಸ್ಟೋಸ್ಟಿರಾನ್ ನೇರ ರಕ್ತಕ್ಕೇ ಸೇರುತ್ತದೆ.

ಪ್ರಶ್ನೆ: ಸಂಜೆ 5ಕ್ಕೆ ಟೆಸ್ಟ್ ಮಾಡಿಸಿದೆ, ಟೆಸ್ಟೋಸ್ಟಿರಾನ್ ಕಡಿಮೆ ಬಂತು. ಮಗು ಬೇಕು, ಇಂಜೆಕ್ಷನ್ ತಗೊಳ್ಳಲಾ? (ರಾಯಚೂರು)

ಉತ್ತರ: ಬೇಡವೇ ಬೇಡ. ಹೊರಗಿಂದ ಚುಚ್ಚಿಸಿಕೊಂಡರೆ ನಿಮ್ಮ ವೀರ್ಯಾಣು ತಯಾರಿಯೇ ನಿಲ್ಲಬಹುದು. ಸಂಜೆ ಹೊತ್ತಿಗೆ ಅದು ಇಳಿದಿರುತ್ತದೆ, ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಮತ್ತೆ ಟೆಸ್ಟ್ ಮಾಡಿಸಿ.